ಶರಾವತಿಯ ಅಳಿವೆಯಲ್ಲಿ ಒಂದು ದೋಣಿಯಾತ್ರೆ

ಕ್ರಿ. ಶ. 1623ರಲ್ಲಿ, ಮಳೆಗಾಲ ಕಳೆದ ಬಳಿಕ, ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿಯು ಗೋವೆಯಿಂದ ಕಡಲ ಮಾರ್ಗವಾಗಿ ಹೊನ್ನಾವರಕ್ಕೆ ಬಂದನು. ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಹೊರಟಿದ್ದ ಪೋರ್ತುಗೀಜ ರಾಯಭಾರಿಯ ಸಂಗಡಿಗನಾಗಿ ಆತನು ಅಲ್ಲಿಂದ ಗೇರುಸೊಪ್ಪೆಯವರೆಗೆ ಹೊಳೆಯಲ್ಲಿ ದೋಣಿಯಿಂದ ಸಾಗಿ, ಆ ಮೇಲೆ ಘಟ್ಟವನ್ನೇರಿದನು. ಈ ಯಾತ್ರೆಯ ಪತ್ರವನ್ನು ನಮ್ಮ ಇತಿಹಾಸಕಾರರು ಇಕ್ಕೇರಿಯ ರಾಜಕಾರಣಕ್ಕಾಗಿಯೂ ಗೇರುಸೊಪ್ಪೆಯ ಪತನಕ್ಕಾಗಿಯೂ ಬಳಸಿಕೊಂಡಿದ್ದಾರೆ. ಆತನು ಸಾಗಿದ ನೀರಿನ ಕಡೆಗೆ ಅಷ್ಟಾಗಿ ಲಕ್ಷ್ಯ ಹೋಗಿಲ್ಲ. ಗೋಕಾಕ ಸೀಮೆಯ ನಾಗನೂರಿನವನಾದ ಈ ಲೇಖಕನೂ ಆ ದೋಷಕ್ಕೆ ಹೊರತಲ್ಲ. ಘಟಪ್ರಭೆಯನ್ನು ಕಂಡು ಬೆಳೆದವನಿಗೆ, ದಿನಕ್ಕೆರಡು ಬಾರಿ ಹಿಮ್ಮೊಗವಾಗಿ ಹರಿಯುವ ಹೊಳೆಯೂ ಉಂಟೆಂಬುದು ಹೊನ್ನಾವರದಲ್ಲಿ ದೋಣಿಯನ್ನೇರಿದ ಮೇಲೆಯೇ ಮನವರಿಕೆಯಾಯಿತು.

ದೆಲ್ಲಾ ವಾಲ್ಲೆಯು ಹೊಳೆಯ ಚೆಲುವನ್ನೂ ದಡದ ದಟ್ಟ ಕಾಡನ್ನೂ ಮನಸಾರೆ ಹೊಗಳಿದ್ದಾನೆ. ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆಯಾದರೋ ಆಗಲೇ ಹಾಳಾಗಿ, ಅರಮನೆಯ ಮೇಲೆ ಗಿಡಮರಗಳು ಬೆಳೆದಿದ್ದುವು. ಇಲ್ಲಿಯ ತೋಟಗಳ ಕಥೆ ನಮಗೆ ಬಲ್ಲದ್ದೇ. ತೆಂಗು, ಅಡಿಕೆ, ಅಡಿಕೆಯ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ, ಇವು ಹಣ ತಂದುವು, ಆದುದರಿಂದ ಕಾಗದಪತ್ರಗಳಲ್ಲಿಯೂ ಸೇರಿದುವು. 1801ರಲ್ಲಿ ಈ ಕರಾವಳಿಯನ್ನು ಪರಿಶೀಲಿಸಿದ ಬುಕಾನನ್ ಸ್ವತಃ ಸಸ್ಯಶಾಸ್ತ್ರಜ್ಞ. ಆದರೂ ಕಂಪೆನಿಯು ಆತನನ್ನು ಕಳುಹಿದ್ದು ಮುಖ್ಯವಾಗಿ ಬೇಸಾಯ, ವ್ಯಾಪಾರಗಳ ಲೆಕ್ಕಕ್ಕಾಗಿ.

ಕಾಂಡ್ಲಾ ಗಿಡಕ್ಕೆ ಅಂತಹ ಭಾಗ್ಯವಿಲ್ಲ. ಉಬ್ಬರದಲ್ಲಿ ಅರ್ಧ ಮುಳುಗಿ, ಇಳಿತದಲ್ಲಿ ಕಮಾನಿನಂತಹ ಬೇರುಗಳ ಮೇಲೆ ಎದ್ದು ನಿಲ್ಲುವ ಈ ಮರದ ಬೀಜವು ತಾಯಿಗಿಡದಲ್ಲಿಯೇ ಮೊಳೆತು ಅನಂತರ ಕೆಸರಿಗೆ ಬೀಳುತ್ತದೆ. ಪಕ್ಕದ ಉಪ್ಪಟಿಯ ಉಸಿರುಬೇರುಗಳು ಕೆಸರಿನಿಂದ ಮೇಲಕ್ಕೆ ಚಾಚಿರುತ್ತವೆ. ಬೇರುಗಳ ನಡುವೆ ಏಡಿ, ಸೀಗಡಿ, ಮೀನಿನ ಮರಿ, ಕೊಂಬೆಯಲ್ಲಿ ಮಿಂಚುಳ್ಳಿ. ದಡದ ಮಣ್ಣು ಕೊಚ್ಚಿಹೋಗದಂತೆ ತಡೆಯುವುದೂ ಈ ಬೇರುಗಳೇ.

ಇಂದು ಹೊನ್ನಾವರದ ದೋಣಿಗಳು ಪ್ರವಾಸಿಗಳನ್ನು ಈ ಕಾಡಿಗೆ ಕರೆದೊಯ್ಯುತ್ತವೆ. ಆದರೆ ದೋಣಿಯಲ್ಲಿ ಕುಳಿತು ‘ದೆಲ್ಲಾ ವಾಲ್ಲೆ ಕಂಡದ್ದೂ ಇದನ್ನೇ’ ಎಂದುಕೊಳ್ಳುವುದು ತಪ್ಪಾದೀತು. ಆ ಕಾಲದಲ್ಲಿ ಅಳಿವೆಯ ನೀರು ಮಳೆಗಾಲದಲ್ಲಿ ಸಿಹಿ, ಬೇಸಗೆಯಲ್ಲಿ ಉಪ್ಪು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ತರುವಾಯ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿದುಬರತೊಡಗಿ ಉಪ್ಪಿನಂಶ ಕುಗ್ಗಿತು; ಬಳಚು ಮೊದಲಾದ ಚಿಪ್ಪಿನ ಜೀವಿಗಳು ವಿರಳವಾದುವು. ಪತ್ರದ ಸಾಕ್ಷ್ಯವನ್ನು ಸ್ಥಳದೊಡನೆ ಹೋಲಿಸಿ ನೋಡುವ ಸಂಶೋಧಕನು ಇದನ್ನು ಮರೆಯುವಂತಿಲ್ಲ.

ಹಳೆಯ ನೀರನ್ನು ಅರಿಯಬಯಸುವವರು ಉತ್ತರಕ್ಕೆ, ಕುಮಟೆಯ ಬಳಿಯ ಅಘನಾಶಿನಿಗೆ ಹೋಗುವುದು ಲೇಸು. ಅಣೆಕಟ್ಟಿಲ್ಲದ ಆ ಹೊಳೆಯ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಯನ್ನು ಸೇರಿತು. ಅಲ್ಲಿಯ ಗಜನಿ ಭೂಮಿಗಳಲ್ಲಿ, ನೀರು ಸಿಹಿಯಾಗಿರುವ ಮಳೆಗಾಲದಲ್ಲಿ, ಉಪ್ಪನ್ನು ತಾಳಬಲ್ಲ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಒಡ್ಡಿನ ಹಲಗೆಗಳನ್ನೆತ್ತಿ ಉಬ್ಬರವನ್ನೂ ಅದರೊಡನೆ ಸೀಗಡಿಯನ್ನೂ ಒಳಕ್ಕೆ ಬಿಡುತ್ತಾರೆ. ರಾಯಭಾರಿಯ ದೋಣಿಗಳು ಗೇರುಸೊಪ್ಪೆಗೆ ಹುಟ್ಟು ಹಾಕಿದ್ದು ಸುಮಾರಾಗಿ ಅದೇ ಋತುವಿನಲ್ಲಿ.