ವೀರಗಲ್ಲಿನಲ್ಲಿ ಇಲ್ಲದವನು

ಕೃಷ್ಣೆಯ ಸೀಮೆಯ ಐನಾಪುರದಿಂದ ತುಂಗಭದ್ರೆಯ ಆಚೆಯವರೆಗೆ ಕನ್ನಡನಾಡಿನಲ್ಲಿ ಅಡ್ಡಾಡಿದವರಿಗೆ ವೀರಗಲ್ಲು ಹೊಸದಲ್ಲ. ಕೆಳಗಿನ ಅಂಕಣದಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಕಥೆ ಅಲ್ಲಿಗೆ ಮುಗಿಯಿತು. ಆದರೆ ಕಾಲು ಕಳೆದುಕೊಂಡೋ ಬೆನ್ನು ಮುರಿದೋ ಮನೆಗೆ ಮರಳಿದವನಿಗೆ ಆ ಮೂರು ಅಂಕಣಗಳಲ್ಲಿ ಎಡೆಯಿಲ್ಲ. ಸತ್ತವನನ್ನು ಪೂಜಿಸುವುದು ಸುಲಭ. ಬದುಕಿ ಬಂದವನ ನಾಳೆಯ ಅನ್ನಕ್ಕೆ ದಾರಿ ಮಾಡುವುದು ಕಷ್ಟ.

ಈ ಕಷ್ಟವನ್ನು ಸರಕಾರ ಕಣ್ಣೆತ್ತಿ ನೋಡುವಂತೆ ಮಾಡಿದ್ದು ಮೊದಲನೆಯ ಮಹಾಯುದ್ಧ. ಅಂಗಹೀನರಾಗಿ ಹಿಂದಿರುಗಿದ ಸಿಪಾಯಿಗಳಿಗೆ ಕಸುಬು ಕಲಿಸಲೆಂದು 1917ರಲ್ಲಿ ಮುಂಬಯಿಯಲ್ಲಿ ರಾಣಿ ಮೇರಿಯ ಹೆಸರಿನ ಶಾಲೆಯೊಂದು ಹುಟ್ಟಿತು. ಮುಂದೆ ಅದು ಪುಣೆಯ ಖಡಕಿಗೆ ಬಂದಿತು. 1944ರಲ್ಲಿ ಪುಣೆಯಲ್ಲಿಯೇ ಕೃತಕ ಅಂಗಗಳ ಕೇಂದ್ರವೂ ಆಯಿತು. ಕೈಕಾಲು ಕೊಟ್ಟರೆ ಸಾಲದು, ಆ ಕೈಗೆ ಕೆಲಸವನ್ನೂ ಕೊಡಬೇಕೆಂಬ ತಿಳಿವು ಹೀಗೆ ಮೂಡಿತು.

ಆ ತಿಳಿವಿಗೆ ಉದಾಹರಣೆ ಬೇಕಾದರೆ ಐನಾಪುರದಿಂದ ಬಹುದೂರ ಹೋಗಬೇಕಾಗಿಲ್ಲ. ಅದೇ ಕೃಷ್ಣೆ ನಮ್ಮ ಗಡಿಯನ್ನು ಹೊಗುವ ಮುನ್ನ ಹಾಯುವ ಸಾಂಗಲಿ ಜಿಲ್ಲೆಯ ಪೇಠ ಇಸ್ಲಾಂಪುರದಲ್ಲಿ 1944ರಲ್ಲಿ ಹುಟ್ಟಿದವರು ಮುರಳಿಕಾಂತ ಪೇಟಕರ್. ಸೇನೆಯ ಯಂತ್ರಶಿಲ್ಪ ವಿಭಾಗದ ಈ ಸಿಪಾಯಿ ಮುಷ್ಟಿಯುದ್ಧದ ಪಟು. 1965ರ ಯುದ್ಧದಲ್ಲಿ ಅವರ ಮೈಗೆ ಗುಂಡುಗಳು ನೆಟ್ಟವು. ಬೆನ್ನೆಲುಬಿಗೆ ಪೆಟ್ಟಾಗಿ ಕಾಲುಗಳು ಸ್ವಾಧೀನ ತಪ್ಪಿದವು. ಮುಷ್ಟಿಯುದ್ಧ ಅಲ್ಲಿಗೆ ಮುಗಿಯಿತು.

ಅವರನ್ನು ಕೈಹಿಡಿದದ್ದು ನೀರು. ಚಿಕಿತ್ಸೆಯೆಂದು ಹಿಡಿದ ಈಜೇ ಹೊಸ ವಿದ್ಯೆಯಾಯಿತು. ನೆಲದ ಮೇಲೆ ಭಾರವಾದ ದೇಹವನ್ನು ನೀರು ಹೊರುತ್ತದೆ. ಮುಂದಕ್ಕೊಯ್ಯಲು ತೋಳುಗಳಿದ್ದರೆ ಸಾಕು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆದ ಪ್ಯಾರಾಲಿಂಪಿಕ್ ಕ್ರೀಡಾಕೂಟದಲ್ಲಿ ಅವರು 50 ಮೀಟರುಗಳನ್ನು 37.33 ಸೆಕೆಂಡುಗಳಲ್ಲಿ ಈಜಿ ಚಿನ್ನ ಗೆದ್ದರು. ಆ ಕೂಟಗಳಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು.

ಪದಕಕ್ಕಿಂತ ನಮಗೆ ಮುಖ್ಯವಾದದ್ದು ಇನ್ನೊಂದು ಸಂಗತಿ: ಸೇನೆ ಬಿಟ್ಟ ಮೇಲೆ ಅವರಿಗೆ ಪುಣೆಯ ಟೆಲ್ಕೋ ಕಾರ್ಖಾನೆಯಲ್ಲಿ ಉದ್ಯೋಗ ದೊರೆಯಿತು. ಪದಕದ ದಿನ ಒಂದೇ. ಸಂಬಳದ ದಿನ ತಿಂಗಳಿಗೊಮ್ಮೆ ಬರುತ್ತದೆ. ದೇಶದ ನೆನಪು ಮಾತ್ರ ತಡವಾಯಿತು. 'ಪದ್ಮಶ್ರೀ' ಬಂದದ್ದು 2018ರಲ್ಲಿ, ಗೆಲುವಿನ 46 ವರ್ಷಗಳ ಮೇಲೆ.

ಇತ್ತ ನಮ್ಮ ಹುಬ್ಬಳ್ಳಿಯವರೇ ಆದ ಕ್ಯಾಪ್ಟನ್ ನವೀನ್ ನಾಗಪ್ಪನವರು 1999ರ ಜುಲೈಯಲ್ಲಿ ಕಾರ್ಗಿಲ್ಲಿನ 4875ನೆಯ ಶಿಖರದ ಹೋರಾಟದಲ್ಲಿ ಕಾಲುಗಳಿಗೆ ತೀವ್ರ ಗಾಯ ಹೊಂದಿದರು. ಹಲವು ಶಸ್ತ್ರಚಿಕಿತ್ಸೆಗಳು, ದೀರ್ಘ ಆಸ್ಪತ್ರೆವಾಸ; ಸಮವಸ್ತ್ರ ಬಿಡಬೇಕಾಯಿತು. ಕಲಿತಿದ್ದ ಇಂಜಿನಿಯರಿಂಗ್ ವಿದ್ಯೆ ಕೈಬಿಡಲಿಲ್ಲ. ಕೇಂದ್ರದ ಇಂಜಿನಿಯರಿಂಗ್ ಸೇವೆಗೆ ಆಯ್ಕೆಯಾಗಿ, ಸೇನೆಗೆ ಕಟ್ಟಡ ಕಟ್ಟುವ ಇಲಾಖೆಯಲ್ಲೇ ಅಧಿಕಾರಿಯಾದರು.

ಒಬ್ಬರಿಗೆ ತೋಳು, ಇನ್ನೊಬ್ಬರಿಗೆ ವಿದ್ಯೆ. ಇಬ್ಬರಿಗೂ ಸಮನಾಗಿ ಒದಗಿದ್ದು, ತನ್ನಿಂದ ಇನ್ನೂ ಆಗಬೇಕಾದ ಕೆಲಸವಿದೆ ಎಂಬ ಭರವಸೆ. ಎಲ್ಲ ಗಾಯಾಳುಗಳಿಗೂ ಅದು ಒದಗುವುದಿಲ್ಲ. ಮೊದಲ ವಾರ ಹಾರ ಹಾಕಿದ ಊರು ಮೂರನೆಯ ತಿಂಗಳಿಗೆ ಅವನ ಮನೆಯ ದಾರಿಯನ್ನೇ ಮರೆತಿರುತ್ತದೆ. ಗಾಯ ಮಾಯಿಸುವುದು ವೈದ್ಯರ ಪಾಲು. ಮಾದ ಮೇಲೆ ಮನುಷ್ಯನನ್ನು ಮತ್ತೆ ದುಡಿಮೆಗೆ ಸೇರಿಸಿಕೊಳ್ಳುವುದು ಊರಿನ ಪಾಲು. ಮರಳಿ ಬಂದವನಿಗೆ ಕಲ್ಲು ನೆಡಬೇಕಾಗಿಲ್ಲ. ಕೂತುಕೊಳ್ಳಲು ಕಟ್ಟೆಯ ಮೇಲೆ ಒಂದಿಷ್ಟು ಜಾಗ, ಬೆಳಿಗ್ಗೆ ಎದ್ದು ಹೋಗಲು ಒಂದು ಕೆಲಸ: ಇಷ್ಟು ಕೊಟ್ಟರೆ ಸಾಕು.