ಪ್ಲೇಗಿನ ಚುಚ್ಚುಮದ್ದು: ಗದಗ, ಹುಬ್ಬಳ್ಳಿಗಳ ಲೆಕ್ಕ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಇಂದು ಒಂದೇ ಜಿಲ್ಲೆಯ ಊರುಗಳು. 1898ರಲ್ಲಿ ಹಾಗಿರಲಿಲ್ಲ. ಗದಗ-ಬೆಟಗೇರಿ ಮತ್ತು ಮುಂಡರಗಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು. ಎತ್ತಿನ ಬಂಡಿಯಲ್ಲಿ ಒಂದೆರಡು ದಿನ ಹೋದರೆ ಮೂರು ಆಡಳಿತಗಳ ಗಡಿ ದಾಟಬಹುದಿತ್ತು. ರೋಗದ ಚರಿತ್ರೆಗೂ ಈ ಗಡಿಗಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನೂರು ಮಂದಿಯಲ್ಲಿ ಎಷ್ಟು ಮಂದಿ ಸತ್ತರು ಎಂದು ತಿಳಿಯಬೇಕಾದರೆ, ಆ 'ನೂರು ಮಂದಿ' ಎಲ್ಲಿದ್ದರು ಎಂಬುದು ಮೊದಲು ಗೊತ್ತಾಗಬೇಕಲ್ಲವೆ? ಭಿನ್ನರಾಶಿಯ ಭಾಷೆಯಲ್ಲಿ ಹೇಳುವುದಾದರೆ, ಸಾವುಗಳ ಸಂಖ್ಯೆ ಅಂಶ, ಊರಿನ ಜನಸಂಖ್ಯೆ ಛೇದ. ಅಂಶವನ್ನು ಎಣಿಸಲು ಸ್ಮಶಾನದ ದಾಖಲೆ ಸಾಕು. ಪ್ಲೇಗಿನ ಕಾಲದಲ್ಲಿ ವೈದ್ಯರನ್ನು ಕಾಡಿದ್ದು ಛೇದ.

ಪ್ಲೇಗು 1896ರ ಸೆಪ್ಟೆಂಬರಿನಲ್ಲಿ ಮುಂಬೈಯ ಮಾಂಡವಿ ಭಾಗದಲ್ಲಿ ಕಾಣಿಸಿಕೊಂಡಿತು. ಅದನ್ನು ಮೊದಲು ಗುರುತಿಸಿದವರು ಡಾ. ಅಕಾಸಿಯೊ ವಿಯೇಗಸ್. ರೈಲು ಹೋದಲ್ಲೆಲ್ಲ ರೋಗವೂ ಹೋಯಿತು. ಹುಬ್ಬಳ್ಳಿ ಸದರ್ನ್ ಮರಾಠಾ ರೈಲ್ವೆಯ ದೊಡ್ಡ ಕೇಂದ್ರವಾಗಿತ್ತು. ಗದಗ ಎರಡು ಮಾರ್ಗಗಳು ಕೂಡುವ ಜಂಕ್ಷನ್. ಹತ್ತಿಯ ವ್ಯಾಪಾರದ ಊರು, 1901ರ ಜನಗಣತಿಯಂತೆ 30,652 ಜನ. ಹತ್ತಿ, ಕಾಳು, ಜನ ಎಲ್ಲವೂ ಇಲ್ಲಿ ಇಳಿದು ಹತ್ತುತ್ತಿದ್ದವು; ಅವುಗಳ ಜೊತೆ ಇಲಿಗಳೂ. 1898ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಮೊದಲು ಪ್ಲೇಗು ಕಂಡದ್ದು ಹುಬ್ಬಳ್ಳಿಯಿಂದ ಬಂದ ರೈಲ್ವೆ ಅಧಿಕಾರಿಯೊಬ್ಬರ ಸೇವಕನಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ರೋಗವನ್ನು ಪತ್ತೆ ಹಚ್ಚುವುದು ಹೇಗೆ?

ವಿಪರೀತ ಜ್ವರ, ತೊಡೆಸಂದಿನಲ್ಲೋ ಕಂಕುಳಲ್ಲೋ ಗಡ್ಡೆ: ಇವಿಷ್ಟೇ ಅಂದಿನ ಮುಖ್ಯ ಲಕ್ಷಣಗಳು. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಪ್ಲೇಗಿನ ಬ್ಯಾಕ್ಟೀರಿಯವನ್ನು ಕಂಡುಹಿಡಿದಿದ್ದರಿಂದ, ಗಡ್ಡೆಯ ರಸವನ್ನು ಗಾಜಿನ ಮೇಲೆ ಸವರಿ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು ಸಾಧ್ಯವಾಗಿತ್ತು. ಎರಡು ತುದಿಗಳಲ್ಲಿ ಮಾತ್ರ ಬಣ್ಣ ಹಿಡಿದ ಆ ಕಡ್ಡಿಗಳು ಮುಚ್ಚಿದ ಪಿನ್ನಿನಂತೆ ಕಾಣುತ್ತವೆ. ಆದರೆ ಪ್ರತಿ ಊರಿನಲ್ಲಿ ಸೂಕ್ಷ್ಮದರ್ಶಕ ಎಲ್ಲಿಂದ ಬರಬೇಕು? 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಅಧಿಕಾರಿಗಳು ರೈಲ್ವೆ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ, ಮೈ ಮುಟ್ಟಿ, ಗಡ್ಡೆ ಹುಡುಕಿದರು. ಇದು ನಮ್ಮ ನಾಡು ಕಂಡ ಮೊದಲ ದೊಡ್ಡ ಸಾಮೂಹಿಕ ತಪಾಸಣೆಗಳಲ್ಲಿ ಒಂದು. ಸೋಂಕು ತಗುಲಿ ಲಕ್ಷಣ ಕಾಣಲು ಎರಡರಿಂದ ಆರು ದಿನ ಬೇಕು. ಆ ನಡುವೆ ಇದ್ದವರು ತಪಾಸಣೆಯಲ್ಲಿ ಆರಾಮವಾಗಿ ಪಾರಾಗುತ್ತಿದ್ದರು. ಜನರಿಗೆ ಉಳಿದದ್ದು ಅವಮಾನ. ಪುಣೆಯಲ್ಲಿ 1897ರ ಜೂನ್‌ನಲ್ಲಿ ಪ್ಲೇಗಿನ ಅಧಿಕಾರಿ ರ್‍ಯಾಂಡ್ ಗುಂಡೇಟಿಗೆ ಗುರಿಯಾದದ್ದು ಈ ಸಿಟ್ಟಿನ ಹಿನ್ನೆಲೆಯಲ್ಲೇ.

ತುಪ್ಪದಡಿಯ ಲಸಿಕೆ

ಇತ್ತ ಮುಂಬೈಯ ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆಯಲ್ಲಿ, ರಷ್ಯದ ಒಡೆಸ್ಸಾದಲ್ಲಿ ಹುಟ್ಟಿದ ವಾಲ್ದೆಮಾರ್ ಹಾಫ್‌ಕಿನ್ ಲಸಿಕೆ ತಯಾರಿಸುತ್ತಿದ್ದರು. ಪ್ಲೇಗಿನ ಬ್ಯಾಕ್ಟೀರಿಯಗಳನ್ನು ಸಾರಿನಲ್ಲಿ ಬೆಳೆಸಿ, ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಡುತ್ತಿದ್ದರು. ಅಲುಗಿಸದೆ ಇಟ್ಟರೆ ಬ್ಯಾಕ್ಟೀರಿಯಗಳು ತುಪ್ಪದಿಂದ ಕೆಳಕ್ಕೆ ಗುಹೆಯ ಸುಣ್ಣದ ತೊಂಗಲುಗಳಂತೆ ಇಳಿಬೀಳುತ್ತಿದ್ದವು. ಅಲುಗಿಸಿದಾಗ ಅವು ತಳ ಸೇರುತ್ತಿದ್ದವು. ಹೊಸ ತೊಂಗಲುಗಳು ಬೆಳೆಯುತ್ತಿದ್ದವು. ಕೊನೆಗೆ ಕಾಯಿಸಿ ಅವನ್ನು ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿದರೆ ಲಸಿಕೆ ಸಿದ್ಧ. 1897ರ ಜನವರಿ 10ರಂದು ಹಾಫ್‌ಕಿನ್ ಅದನ್ನು ಮೊದಲು ತಮಗೇ ಚುಚ್ಚಿಸಿಕೊಂಡರು. ಜ್ವರ ಬಂತು, ಹೋಯಿತು.

ಇದರಿಂದ ಏನು ಸಿದ್ಧವಾಯಿತು? ಲಸಿಕೆ ಕೊಲ್ಲುವುದಿಲ್ಲ ಎಂಬುದು, ಅಷ್ಟೆ. ಕಾಯುತ್ತದೆಯೇ ಎಂದು ತಿಳಿಯಲು ಇನ್ನೊಂದು ಗುಂಪು ಬೇಕು. ಅದೇ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಸೆರೆಮನೆಯಲ್ಲಿ ಪ್ಲೇಗು ಹೊಕ್ಕಿತು. ಸುಮಾರು ಅರ್ಧದಷ್ಟು ಕೈದಿಗಳು ಚುಚ್ಚುಮದ್ದಿಗೆ ಮುಂದೆ ಬಂದರು. ಚುಚ್ಚಿಸಿಕೊಳ್ಳದವರಲ್ಲಿ 12 ಮಂದಿಗೆ ರೋಗ, 6 ಸಾವು. ಚುಚ್ಚಿಸಿಕೊಂಡವರಲ್ಲಿ 2 ಮಂದಿಗೆ ರೋಗ, ಸಾವು ಇಲ್ಲ. ಆದರೆ ಮುಂದೆ ಬಂದವರು ತಾವಾಗಿ ಬಂದವರು. ಅವರೇ ಗಟ್ಟಿಮುಟ್ಟಾದವರೂ ಆಗಿದ್ದಿರಬಹುದಲ್ಲ?

ಈ ಸಂದೇಹಕ್ಕೆ ಉತ್ತರ ಕೊಡಲು ಹಾಫ್‌ಕಿನ್ 1898ರ ಫೆಬ್ರವರಿಯಲ್ಲಿ ಬರೋಡಾ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ ಬೇರೊಂದು ದಾರಿ ಹಿಡಿದರು. ಮನೆಮನೆಗೆ ಹೋಗಿ ಪ್ರತಿ ಕುಟುಂಬದಲ್ಲಿ ಸರಿಸುಮಾರು ಅರ್ಧ ಜನರಿಗೆ ಮಾತ್ರ ಲಸಿಕೆ ಹಾಕಿದರು. ಒಂದೇ ಸೂರು, ಒಂದೇ ಊಟ, ಒಂದೇ ಇಲಿಬಿಲ. ಆಮೇಲೆ ಪ್ಲೇಗು ಹೊಕ್ಕ 28 ಮನೆಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರು. ಲಸಿಕೆ ಪಡೆದ 71 ಮಂದಿಯಲ್ಲಿ 8 ಮಂದಿಗೆ ರೋಗ, 3 ಸಾವು. ಪಡೆಯದ 64 ಮಂದಿಯಲ್ಲಿ 27 ಮಂದಿಗೆ ರೋಗ, 26 ಸಾವು. ಶೇಕಡಾವಾರು ನೀವೇ ಕಂಡುಹಿಡಿಯಿರಿ: ಸಾವಿನ ಪ್ರಮಾಣ ಶೇ. 4ರ ಆಸುಪಾಸಿಗೆ ಎದುರಾಗಿ ಶೇ. 40ಕ್ಕೂ ಹೆಚ್ಚು. ಒಂದೇ ಮನೆಯ ಅಣ್ಣನಿಗೆ ಕೊಟ್ಟು ತಮ್ಮನಿಗೆ ಕೊಡದೆ ಬಿಟ್ಟದ್ದು ಇಂದಿನ ಕಣ್ಣಿಗೆ ಕಠೋರವಾಗಿಯೇ ಕಾಣುತ್ತದೆ. ಆ ಕಾಲದ ಅತ್ಯಂತ ಸ್ಪಷ್ಟವಾದ ಪುರಾವೆ ಸಿಕ್ಕಿದ್ದೂ ಅಲ್ಲಿಯೇ.

ಹುಬ್ಬಳ್ಳಿ, ಧಾರವಾಡ, ಗದಗ

ಹಳ್ಳಿಯಲ್ಲಿ ಸಾಧ್ಯವಾದದ್ದು ಪಟ್ಟಣದಲ್ಲಿ ಸಾಧ್ಯವೆ? 1898ರ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಸೇನಾ ವೈದ್ಯ ಕ್ಯಾಪ್ಟನ್ ಲ್ಯೂಮನ್ ಹುಬ್ಬಳ್ಳಿಯಲ್ಲಿ 35 ಸಾವಿರಕ್ಕೂ ಮಿಕ್ಕಿ ಜನರಿಗೆ ಚುಚ್ಚುಮದ್ದು ಹಾಕಿಸಿದರು. ಜಗತ್ತಿನಲ್ಲಿ ಅಲ್ಲಿಯವರೆಗೆ ಒಂದೇ ಊರಿನಲ್ಲಿ ಪ್ಲೇಗಿನ ಲಸಿಕೆ ಇಷ್ಟು ವ್ಯಾಪಕವಾಗಿ ಬಳಕೆಯಾಗಿರಲಿಲ್ಲ. ಧಾರವಾಡ ಮತ್ತು ಗದಗಗಳಲ್ಲೂ ಈ ಕೆಲಸ ನಡೆಯಿತು. ಜಿಲ್ಲೆಯಲ್ಲಿ ದುಡಿದ ವೈದ್ಯರಲ್ಲಿ ಡಾ. ಆಲಿಸ್ ಕಾರ್ಥಾರ್ನ್ ಎಂಬ ಮಹಿಳೆಯೂ ಇದ್ದರು. ಪರಪುರುಷನ ಮುಂದೆ ತೋಳು ಚಾಚಲು ಹಿಂಜರಿಯುವ ಹೆಂಗಸರಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಇಲ್ಲಿ ಲೆಕ್ಕ ಹಾಕುವುದು ಉಂಧೇರಾದಷ್ಟು ಸುಲಭವಾಗಿರಲಿಲ್ಲ. ಯಾಕೆಂದು ತಿಳಿಯಲು ಒಂದು ಕಾಲ್ಪನಿಕ ಉದಾಹರಣೆಯನ್ನು ಗಮನಿಸಿ. ಒಂದು ಊರಿನಲ್ಲಿ 1,000 ಜನರಿದ್ದಾರೆ. ನಾವು ಅಲ್ಲಿಗೆ ಲಸಿಕೆ ಎಂದು ಒಯ್ದಿರುವುದು ಬರಿಯ ನೀರು ಎಂದಿಟ್ಟುಕೊಳ್ಳಿ. ಮೊದಲ ವಾರ ಯಾರಿಗೂ ಚುಚ್ಚಿಲ್ಲ. 40 ಜನ ಸಾಯುತ್ತಾರೆ. ಉಳಿದ 960 ಜನರಲ್ಲಿ 480 ಮಂದಿಗೆ ವಾರದ ಕೊನೆಗೆ ನೀರು ಚುಚ್ಚುತ್ತೇವೆ. ಎರಡನೆಯ ವಾರ ರೋಗದ ಬಿರುಸು ಸ್ವಲ್ಪ ತಗ್ಗಿ ಎರಡೂ ಗುಂಪಿನಲ್ಲಿ ತಲಾ 12 ಜನ ಸಾಯುತ್ತಾರೆ. ಈಗ ಒಟ್ಟು ಕೂಡಿಸಿ: ಚುಚ್ಚಿಸಿಕೊಳ್ಳದವರಲ್ಲಿ 52 ಸಾವು, ಚುಚ್ಚಿಸಿಕೊಂಡವರಲ್ಲಿ 12. ಬರಿಯ ನೀರು ಜೀವರಕ್ಷಕವಾಗಿ ಬಿಟ್ಟಿತು!

ಮೋಸ ಎಲ್ಲಿದೆ ಎಂದು ನಿಮಗೆ ಆಗಲೇ ಹೊಳೆದಿರಬೇಕು. ಮೊದಲ ವಾರದಲ್ಲಿ ಚುಚ್ಚಿಸಿಕೊಂಡವರು ಇರಲೇ ಇಲ್ಲ. ಹೋಲಿಕೆ ಒಂದೇ ವಾರದ ಎರಡು ಗುಂಪುಗಳ ನಡುವೆ ನಡೆಯಬೇಕು. ಹುಬ್ಬಳ್ಳಿಯ ದಾಖಲೆಗಳಿಗೆ ಬೆಲೆ ಬಂದದ್ದು ಇದರಿಂದ: ಅಲ್ಲಿ ವಾರವಾರವೂ ಚುಚ್ಚಿಸಿಕೊಂಡವರು ಎಷ್ಟು, ಉಳಿದವರು ಎಷ್ಟು, ಎರಡೂ ಕಡೆ ಸತ್ತವರೆಷ್ಟು ಎಂದು ಬೇರೆ ಬೇರೆಯಾಗಿ ಬರೆದಿಟ್ಟರು. ಇಂದಿನ ಸಾಂಕ್ರಾಮಿಕ ವಿಜ್ಞಾನದಲ್ಲಿ ಇದನ್ನು 'ವ್ಯಕ್ತಿ-ವಾರ'ಗಳ ಲೆಕ್ಕ ಎನ್ನಬಹುದು.

ಅಂಥ ಹೆಸರುಗಳಿಲ್ಲದ ಕಾಲದಲ್ಲಿ ಇಷ್ಟು ಎಚ್ಚರ ಮೆಚ್ಚುವಂಥದ್ದೇ. ಆದರೂ ಒಂದು ತೂತು ಉಳಿಯಿತು. ಚುಚ್ಚಿಸಿಕೊಂಡವರ ಸಂಖ್ಯೆ ಪುಸ್ತಕದಲ್ಲಿತ್ತು. ಚುಚ್ಚಿಸಿಕೊಳ್ಳದವರ ಸಂಖ್ಯೆ? ಊರಿನ ಒಟ್ಟು ಜನಸಂಖ್ಯೆಯಿಂದ ಕಳೆದು ಪಡೆಯಬೇಕಾಗಿತ್ತು. ಪ್ಲೇಗು ಬಂದ ಊರಿನಲ್ಲಿ ಜನ ನಿಲ್ಲುತ್ತಾರೆಯೆ? ಹೊಲದಲ್ಲಿ ಗುಡಿಸಲು ಹಾಕಿಕೊಂಡವರು, ನೆಂಟರ ಊರಿಗೆ ಹೋದವರು, ಬೇರೆ ಸಂಸ್ಥಾನದ ಗಡಿ ದಾಟಿದವರು ಯಾರ ಪುಸ್ತಕಕ್ಕೂ ಸಿಗುವುದಿಲ್ಲ. ಗದಗಿನ ದಫ್ತರದ ಕಣ್ಣಿಗೆ ಮುಂಡರಗಿ ಬಿದ್ದೀತು. ಶಿರಹಟ್ಟಿ, ಲಕ್ಷ್ಮೇಶ್ವರಗಳ ಲೆಕ್ಕ ಬೇರೆ ದೊರೆಗಳದ್ದು.

ಈ ತೂತು ಎಷ್ಟು ದೊಡ್ಡದು ನೋಡಿ. ಮತ್ತೆ ಕಾಲ್ಪನಿಕ ಅಂಕಿಗಳನ್ನೇ ತೆಗೆದುಕೊಳ್ಳೋಣ. 40,000 ಜನರ ಊರಿನಲ್ಲಿ 38,000 ಮಂದಿಗೆ ಲಸಿಕೆ ಆಗಿದೆ, ಉಳಿದವರು 2,000, ಅವರಲ್ಲಿ ಒಂದು ವಾರ 20 ಸಾವು. ಪ್ರಮಾಣ ಶೇ. 1. ಒಟ್ಟು ಜನಸಂಖ್ಯೆಯ ಅಂದಾಜಿನಲ್ಲಿ 1,000 ಆಚೀಚೆಯಾದರೆ ಅದು ಬರೀ ಶೇ. 2.5ರ ತಪ್ಪು. ಆದರೆ ಉಳಿದವರು 2,000ದ ಬದಲು 1,000 ಆಗಬಹುದು ಅಥವಾ 3,000 ಆಗಬಹುದು. ಸಾವಿನ ಪ್ರಮಾಣ ಶೇ. 2ಕ್ಕೆ ಏರುತ್ತದೆ ಅಥವಾ ಶೇ. 0.67ಕ್ಕೆ ಇಳಿಯುತ್ತದೆ. ಊರಿಗೆ ಊರೇ ಲಸಿಕೆ ಪಡೆದಷ್ಟೂ ಹೋಲಿಕೆಯ ಗುಂಪು ಕರಗಿ ಲೆಕ್ಕ ಅಲುಗಾಡುತ್ತದೆ. ವೈದ್ಯನ ಯಶಸ್ಸೇ ಸಂಶೋಧಕನಿಗೆ ತೊಡಕು!

ಇನ್ನೂ ಒಂದು ಸಿಕ್ಕು. ಮುಂಬೈ ಪ್ರಾಂತದಲ್ಲಿ ಲಸಿಕೆ ಪಡೆದವರಿಗೆ ಪ್ರಮಾಣಪತ್ರ ಕೊಟ್ಟು ಕೆಲವು ನಿರ್ಬಂಧಗಳಿಂದ ವಿನಾಯಿತಿ ನೀಡುವ ಪದ್ಧತಿ ಇತ್ತು. ಹೀಗಾಗಿ ಎರಡು ಗುಂಪುಗಳ ವಾಸ, ಓಡಾಟಗಳೂ ಒಂದೇ ಬಗೆಯಾಗಿ ಉಳಿಯುವುದಿಲ್ಲ. ಪ್ಲೇಗನ್ನು ಹರಡುವುದು ಇಲಿಯ ಮೇಲಿನ ಚಿಗಟ ಎಂಬುದನ್ನು ಪಾಲ್-ಲೂಯಿ ಸಿಮೋಂ ಕರಾಚಿಯಲ್ಲಿ ಕಂಡದ್ದು ಇದೇ 1898ರಲ್ಲಿ. ಆದರೆ ಆಗ ಅದನ್ನು ನಂಬಿದವರು ಕಡಿಮೆ. ಇಲಿ ಬಿದ್ದ ಮನೆಯಲ್ಲಿ ಉಳಿದವರು ಯಾರು, ಬಿಟ್ಟು ಹೊಲಕ್ಕೆ ಹೋದವರು ಯಾರು ಎಂಬುದು ಲಸಿಕೆಯಷ್ಟೇ ಮುಖ್ಯವಾದ ಅಂಕಣ ಎಂದು ಅಂದು ಯಾರಿಗೆ ತೋಚಬೇಕು? ನಿರ್ಬಂಧ ತಪ್ಪಿಸಿಕೊಳ್ಳಲು ಚಾಚಿದ ತೋಳನ್ನು 'ಸ್ವಇಚ್ಛೆ' ಎಂದು ಕರೆಯುವುದೂ ಕಷ್ಟ.

ತೀರ್ಪು, ಮತ್ತು ಒಂದು ಸೀಸೆ

ಎಡಿನ್‌ಬರೊದ ಪ್ರೊ. ಫ್ರೇಸರ್ ಅಧ್ಯಕ್ಷತೆಯ ಭಾರತೀಯ ಪ್ಲೇಗು ಆಯೋಗ ಈ ಅಂಕಿಗಳನ್ನೆಲ್ಲ ಜರಡಿ ಹಿಡಿಯಿತು. ಹುಬ್ಬಳ್ಳಿ, ಧಾರವಾಡ, ಗದಗಗಳ ದಾಖಲೆಗಳೂ ಅದರ ಮುಂದಿದ್ದವು. ಜನಸಂಖ್ಯೆಯ ಅಂದಾಜುಗಳ ಬಗ್ಗೆ ಆಕ್ಷೇಪ ಎತ್ತಿದರೂ ಆಯೋಗದ ತೀರ್ಮಾನ ಲಸಿಕೆಯ ಪರವಾಗಿತ್ತು: ಅದು ರೋಗ ಬರುವುದನ್ನೂ ಸಾವನ್ನೂ ಗಮನಾರ್ಹವಾಗಿ ತಗ್ಗಿಸುತ್ತದೆ, ರಕ್ಷಣೆ ಸಂಪೂರ್ಣವಲ್ಲ, ಚುಚ್ಚಿದ ಮೊದಲ ಕೆಲವು ದಿನ ರಕ್ಷಣೆ ಇರುವುದಿಲ್ಲ. ತಮಾಷೆಯೆಂದರೆ, ಆಯೋಗದ ಸದಸ್ಯರಲ್ಲೊಬ್ಬರಾದ ಆಲ್ಮ್‌ರೋತ್ ರೈಟ್ ಅವರ ಸ್ವಂತ ವಿಷಮಶೀತ ಜ್ವರದ ಲಸಿಕೆಯ ಅಂಕಿಗಳನ್ನು 1904ರಲ್ಲಿ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಇದೇ ಬಗೆಯಲ್ಲಿ ತರಾಟೆಗೆ ತೆಗೆದುಕೊಂಡರು. 1915ರಲ್ಲಿ ಗ್ರೀನ್‌ವುಡ್ ಮತ್ತು ಯೂಲ್ ನಿಯಮಗಳನ್ನು ಬರೆದಿಟ್ಟರು: ಎರಡೂ ಗುಂಪಿನ ಜನ ಎಲ್ಲ ರೀತಿಯಲ್ಲೂ ಸಮಾನರಾಗಿರಬೇಕು, ಸೋಂಕಿಗೆ ಒಡ್ಡಿಕೊಂಡದ್ದೂ ಸಮಾನವಾಗಿರಬೇಕು, ರೋಗವಿದೆ ಎಂದು ನಿರ್ಧರಿಸುವವರು ಲಸಿಕೆ ಆಗಿದೆಯೆ ಎಂಬುದನ್ನು ನೋಡಿ ನಿರ್ಧರಿಸಬಾರದು.

ಚಿಕಿತ್ಸೆಯ ಮಾತು ಬೇಗ ಮುಗಿಯುತ್ತದೆ, ಏಕೆಂದರೆ ಹೇಳುವಂಥ ಚಿಕಿತ್ಸೆ ಇರಲಿಲ್ಲ. ಮುಂಬೈಯ ಆರ್ಥರ್ ರೋಡ್ ಆಸ್ಪತ್ರೆಯಲ್ಲಿ ಡಾ. ಎನ್. ಎಚ್. ಚೋಕ್ಸಿ ಪ್ಲೇಗಿನ ಸೀರಮ್ಮನ್ನು ಒಬ್ಬ ರೋಗಿಗೆ ಕೊಟ್ಟು ಮುಂದಿನ ರೋಗಿಗೆ ಬಿಟ್ಟು ಪರೀಕ್ಷಿಸಿದರು. ವಿಧಾನ ಕಾಲಕ್ಕಿಂತ ಮುಂದಿತ್ತು, ಔಷಧಿ ಅಷ್ಟು ಮುಂದಿರಲಿಲ್ಲ. ಪರಿಣಾಮಕಾರಿ ಚಿಕಿತ್ಸೆಗೆ 1940ರ ದಶಕದ ಸಲ್ಫಾ ಔಷಧಿಗಳು ಹಾಗೂ ಸ್ಟ್ರೆಪ್ಟೊಮೈಸಿನ್ ಬರಬೇಕಾಯಿತು.

ಹಾಫ್‌ಕಿನ್ ಅವರಿಗೆ ಕಾದಿದ್ದದ್ದು ಬೇರೆಯೇ ಪರೀಕ್ಷೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್‌ನಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ಆದರೆ 19 ಮಂದಿಯೂ ಒಂದೇ ಸೀಸೆಯಿಂದ ಚುಚ್ಚಿಸಿಕೊಂಡವರು. ಅದೇ ದಿನ ಬೇರೆ ಸೀಸೆಗಳಿಂದ ಚುಚ್ಚಿಸಿಕೊಂಡ ಉಳಿದವರಿಗೆ ಏನೂ ಆಗಿರಲಿಲ್ಲ. ಸೀಸೆ ತೆರೆಯುವಾಗ ಸಹಾಯಕನ ಇಕ್ಕಳ ನೆಲಕ್ಕೆ ಬಿದ್ದಿತ್ತೆಂಬ ಸಾಕ್ಷ್ಯವೂ ಇತ್ತು. ಮಲೇರಿಯ ಸಂಶೋಧಕ ರೊನಾಲ್ಡ್ ರಾಸ್ ಮೊದಲಾದವರು ದನಿಯೆತ್ತಿದ ಮೇಲೆ, 1907ರಲ್ಲಿ ಅವರ ಮೇಲಿನ ಆರೋಪ ಹೋಯಿತು. ಪರೇಲ್‌ನ ಪ್ರಯೋಗಾಲಯಕ್ಕೆ 1925ರಲ್ಲಿ ಅವರ ಹೆಸರಿಟ್ಟರು.

1897ರಿಂದ 1925ರವರೆಗೆ ಆ ಪ್ರಯೋಗಾಲಯದಿಂದ ಹೊರಟ ಪ್ಲೇಗಿನ ಲಸಿಕೆ ಸುಮಾರು 2 ಕೋಟಿ 60 ಲಕ್ಷ ಡೋಸು. ಕರ್ನಾಟಕದಲ್ಲಿ ಪ್ಲೇಗು ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆ 1966ರವರೆಗೂ ಮನುಷ್ಯರಲ್ಲಿ ಕಾಣಿಸಿಕೊಂಡಿತು. ಪ್ಲೇಗಿನ ಲಸಿಕೆಗಳ ಬಗ್ಗೆ ಜಗತ್ತಿನ ವೈದ್ಯಕೀಯ ಪ್ರಯೋಗಗಳನ್ನು ಕಾಕ್ರೇನ್ ಪರಿಶೀಲಕರು 1998ರಲ್ಲಿ ಹುಡುಕಿದಾಗ, ಯಾರಿಗೆ ಲಸಿಕೆ, ಯಾರಿಗಿಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ರಕ್ಷಣೆಯನ್ನು ಅಳೆದ, ನೆಚ್ಚಬಹುದಾದ ಒಂದು ಪ್ರಯೋಗವೂ ಸಿಗಲಿಲ್ಲ. ಹುಬ್ಬಳ್ಳಿ, ಗದಗಗಳ ಜನ ತೋಳು ಚಾಚಿ ನೂರು ವರ್ಷ ಆಗಿತ್ತು.