ಜಕ್ಕಸಂದ್ರದ ಇಪ್ಪತ್ತು ಚಿನ್ನ, ಕೋಡಿಹಳ್ಳಿಗೊಂದು ಅಂಕಣ

2022ರ ಏಪ್ರಿಲ್ 24ರಿಂದ ಮೇ 3ರವರೆಗೆ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಯಿತು. ಕೋವಿಡ್ ಕಾರಣಕ್ಕೆ ಹಿಂದಿನ ವರ್ಷ ನಿಂತುಹೋಗಿದ್ದ ಕೂಟವದು. ಆತಿಥ್ಯದ ಹೊಣೆ ಹೊತ್ತದ್ದು ಜೈನ್ ವಿಶ್ವವಿದ್ಯಾಲಯ. ಅದರ ದೊಡ್ಡ ಕ್ಯಾಂಪಸ್ ಇರುವುದು ನಮ್ಮ ಕನಕಪುರ ರಸ್ತೆಯ ಜಕ್ಕಸಂದ್ರದಲ್ಲಿ. ಇಪ್ಪತ್ತು ಕ್ರೀಡೆಗಳಲ್ಲಿ ಬ್ಯಾಸ್ಕೆಟ್‌ಬಾಲ್ ಕೂಡ ಒಂದು. ಕೂಟ ಮುಗಿದಾಗ ಆತಿಥೇಯರೇ 20 ಚಿನ್ನ, 7 ಬೆಳ್ಳಿ, 5 ಕಂಚು ಗೆದ್ದು ಪದಕಪಟ್ಟಿಯಲ್ಲಿ ಮೊದಲಿಗರಾಗಿದ್ದರು. ಅದರಲ್ಲಿ ಏಳು ಚಿನ್ನ ಶಿವ ಶ್ರೀಧರ್ ಎಂಬ ಒಬ್ಬನೇ ಈಜುಗಾರನದು. ಕೋಡಿಹಳ್ಳಿಯಿಂದ ಬೆಂಗಳೂರಿಗೆ ಹೋಗುವ ದಾರಿಯ ಮಗ್ಗುಲಲ್ಲೇ ಬೆಳೆದ ಸಾಧನೆ ಇದು. ನಮ್ಮ ಹೋಬಳಿಯ ಮಕ್ಕಳಿಗೆ ಇದನ್ನು ಹೇಳಬೇಕೆಂದೇ ಈ ಸಂಚಿಕೆಗೆ ಬರೆಯುತ್ತಿದ್ದೇನೆ.

ಕಾಲೇಜು ತಂಡವೊಂದು ಇಂಥ ಕೂಟಕ್ಕೆ ತಲುಪುವ ದಾರಿ ಉದ್ದ. ಮೊದಲು ಅಂತರಕಾಲೇಜು ಪಂದ್ಯಗಳು. ಅಲ್ಲಿ ಮಿಂಚಿದವರನ್ನು ಆರಿಸಿ ವಿಶ್ವವಿದ್ಯಾಲಯದ ತಂಡ ಕಟ್ಟುತ್ತಾರೆ. ಆ ತಂಡ ದಕ್ಷಿಣ ವಲಯವನ್ನು ದಾಟಿ, ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಮೊದಲ ಎಂಟರೊಳಗೆ ಬಂದರೆ ಮಾತ್ರ ಖೇಲೋ ಇಂಡಿಯಾ ಬಾಗಿಲು ತೆರೆಯುತ್ತದೆ. ಗೆಲುವಿನ ಸುದ್ದಿ ಒಂದು ದಿನದ ಪತ್ರಿಕೆಯಲ್ಲಿ ಬಂದು ಹೋಗುತ್ತದೆ. ಅದರ ಹಿಂದೆ ವರ್ಷಪೂರ್ತಿ ಅಂಕಣ, ಹಾಸ್ಟೆಲ್, ತರಬೇತುದಾರ, ಊಟ ಎಲ್ಲವೂ ಇರಬೇಕು. ಜಕ್ಕಸಂದ್ರದಲ್ಲಿ ಅದೆಲ್ಲ ಇತ್ತು.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೂ ಕಾಲೇಜಿನಲ್ಲೇ. 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ, ಚಳಿಗೆ ಹೊರಗೆ ಹೋಗಲಾಗದ ವಿದ್ಯಾರ್ಥಿಗಳಿಗಾಗಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಾಲ್ಕನಿಗೆ ಮೊಳೆ ಹೊಡೆದು ಕೂರಿಸಿ, ಹದಿಮೂರು ನಿಯಮ ಬರೆದು ಆಡಿಸಿದರು. ನಮ್ಮ ಕಡೆಗೆ ಈ ಆಟ ಬೇರೂರಿದ್ದಕ್ಕೆ ಮದ್ರಾಸು ಮುಖ್ಯ ಕಾರಣ. 1920ರಲ್ಲಿ ಹ್ಯಾರಿ ಕ್ರೋ ಬಕ್ ಅಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದರು. ಅಲ್ಲಿ ಕಲಿತವರು ದಕ್ಷಿಣ ಭಾರತದ ಶಾಲೆ ಕಾಲೇಜುಗಳಿಗೆ ಹೋಗಿ, ಹೋದಲ್ಲೆಲ್ಲ ಅಂಗಳದಲ್ಲಿ ಕಂಬ ನಿಲ್ಲಿಸಿದರು. ಪಿ.ಟಿ. ಮೇಷ್ಟ್ರುಗಳಿಲ್ಲದೆ ಈ ಆಟದ ಚರಿತ್ರೆಯೇ ಇಲ್ಲ ಎಂದು ನಾನು ನಂಬಿದ್ದೇನೆ.

ಬೆಂಗಳೂರಿನಲ್ಲಿ ಆ ಬೀಜ ಚೆನ್ನಾಗಿಯೇ ಫಲ ಕೊಟ್ಟಿತು. ಬೀಗಲ್ಸ್ ಕ್ಲಬ್ಬಿನ ಹೆಸರು ರಾಜ್ಯದ ಆಟಗಾರರಿಗೆಲ್ಲ ಗೊತ್ತು. ರಾಜ್ಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯನ್ನು ನಡೆಸಿದ ಕೆ. ಗೋವಿಂದರಾಜ್ ಮುಂದೆ ಭಾರತ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ನಿಗೂ ಅಧ್ಯಕ್ಷರಾದರು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 2017. ಆ ಜುಲೈನಲ್ಲಿ ಫಿಬಾ ಮಹಿಳಾ ಏಷ್ಯಾ ಕಪ್ ಬೆಂಗಳೂರಿಗೆ ಬಂತು. ಬಿ ಡಿವಿಷನ್ನಿನ ಫೈನಲ್‌ನಲ್ಲಿ ಭಾರತದ ಹೆಣ್ಣುಮಕ್ಕಳು ಕಜಕಸ್ತಾನವನ್ನು 75–73ರಿಂದ ಸೋಲಿಸಿದರು. ಎರಡೇ ಅಂಕದ ಅಂತರ, ಆದರೆ ಆ ಎರಡು ಅಂಕವೇ ತಂಡವನ್ನು ಎ ಡಿವಿಷನ್ನಿಗೆ ಏರಿಸಿತು. ಆ ತಂಡದ ಹಿರಿಯ ಆಟಗಾರ್ತಿ ಅನಿತಾ ಪಾಲ್‌ದುರೈಗೆ 2021ರಲ್ಲಿ ಪದ್ಮಶ್ರೀ ಸಂದಿತು. ಅದೇ 2017ರ ಅಕ್ಟೋಬರಿನಲ್ಲಿ ಭಾರತದ 16 ವರ್ಷದೊಳಗಿನ ಹುಡುಗಿಯರು ಇದೇ ಬೆಂಗಳೂರಿನಲ್ಲಿ ತಮ್ಮ ಬಿ ಡಿವಿಷನ್ ಗೆದ್ದರು. ಬೆಂಗಳೂರಿನ ಸಂಜನಾ ರಮೇಶ್ ಮುಂದೆ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿ, ಅಲ್ಲಿನ ಕಾಲೇಜು ಆಟದ ಅತ್ಯುನ್ನತ ಹಂತವಾದ ಎನ್‌ಸಿಎಎ ಒಂದನೇ ಡಿವಿಷನ್ನಿನಲ್ಲಿ ಆಡಿದರು.

ಇನ್ನು ನಮ್ಮ ಮಾತು. ಕೋಡಿಹಳ್ಳಿ ಸೀಮೆಯಲ್ಲಿ ಆಟ ಎಂದರೆ ಮೊದಲಿಗೆ ಕಬಡ್ಡಿ, ಆಮೇಲೆ ವಾಲಿಬಾಲ್, ಖೋಖೋ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಎಂದರೆ ರಾಗಿ ಹೊಲ, ಹಿಪ್ಪುನೇರಳೆ ತೋಟದ ಕೆಲಸ ಮುಗಿಸಿದವರೆಲ್ಲ ಬಂದು ಸುತ್ತ ನಿಲ್ಲುತ್ತಾರೆ. ಕಬಡ್ಡಿ ಆಡಿ ಬೆಳೆದ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಅಪರಿಚಿತವೇನಲ್ಲ. ರೈಡಿಗೆ ಹೋದವನಿಗೆ 30 ಸೆಕೆಂಡು, ಚೆಂಡು ಹಿಡಿದ ತಂಡಕ್ಕೆ 24 ಸೆಕೆಂಡು. ಎರಡರಲ್ಲೂ ಒಂದು ಕಡೆ ಬಾಗಿದಂತೆ ತೋರಿಸಿ ಇನ್ನೊಂದು ಕಡೆ ನುಗ್ಗಬೇಕು, ಓಡುತ್ತಿದ್ದವರು ಥಟ್ಟನೆ ನಿಲ್ಲಬೇಕು. ಕಾಲು ತಯಾರಾಗಿದೆ, ಕೈಗೆ ಚೆಂಡು ಸಿಗಬೇಕಷ್ಟೆ.

ಜಾಗ ಎಲ್ಲಿ ಎಂದು ಕೇಳುವವರಿಗೆ ಲೆಕ್ಕ ಹೇಳುತ್ತೇನೆ. ಪೂರ್ಣ ಅಂಕಣಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲ ಬೇಕು. ಎಲ್ಲ ಶಾಲೆಗಳಲ್ಲಿ ಅಷ್ಟು ಸಿಗದು. ಆದರೆ ಟೋಕಿಯೊದಿಂದ ಒಲಿಂಪಿಕ್ಸ್‌ಗೂ ಸೇರಿರುವ ಮೂವರ ಬ್ಯಾಸ್ಕೆಟ್‌ಬಾಲ್‌ಗೆ 15 ಮೀಟರ್ ಅಗಲ, 11 ಮೀಟರ್ ಉದ್ದ ಸಾಕು. ಗಂಡಸರ ಕಬಡ್ಡಿ ಅಂಕಣ 13 ಮೀಟರಿಗೆ 10 ಮೀಟರ್. ಅದಕ್ಕಿಂತ ತುಸು ದೊಡ್ಡ ಜಾಗ, ಒಂದೇ ಕಂಬ, 3.05 ಮೀಟರ್ ಎತ್ತರದಲ್ಲಿ ಒಂದು ರಿಂಗ್. ಒಂದು ತಂಡಕ್ಕೆ ಅಂಕಣದಲ್ಲಿ ಮೂವರು, ಹೊರಗೆ ಒಬ್ಬರು. ಪಂದ್ಯ ಹತ್ತು ನಿಮಿಷ, ಅಥವಾ ಯಾರಾದರೂ 21 ಅಂಕ ಮುಟ್ಟುವವರೆಗೆ. ಮಕ್ಕಳ ಸಂಖ್ಯೆ ಕಡಿಮೆಯಿರುವ ಹಳ್ಳಿ ಶಾಲೆಗೆ ಇದಕ್ಕಿಂತ ಹೊಂದುವ ತಂಡದ ಆಟ ನನಗೆ ಕಂಡಿಲ್ಲ.

ಅಂಕಣ ಶಾಲೆಯ ಅಂಗಳದಲ್ಲೇ ಇರಬೇಕು ಎನ್ನುವುದಕ್ಕೆ ನಮ್ಮಲ್ಲಿ ಇನ್ನೊಂದು ಕಾರಣವಿದೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಒಂದು ವಲಯಕ್ಕೆ ಕೋಡಿಹಳ್ಳಿಯದೇ ಹೆಸರು. ಕಾಡಂಚಿನ ಊರುಗಳ ಮಕ್ಕಳು ಆನೆ ಭಯಕ್ಕೆ ಕತ್ತಲಾಗುವ ಮುಂಚೆ ಮನೆ ಸೇರಬೇಕು. ಅಭ್ಯಾಸಕ್ಕೆಂದು ಕನಕಪುರಕ್ಕೆ ಹೋಗಿ ಬರುವ ಮಾತು ಅವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಆಗದ ಮಾತು.

ಉದ್ಯೋಗ ಖಾತರಿ ಯೋಜನೆಯಲ್ಲಿ ರಾಜ್ಯದ ಹಲವು ಶಾಲೆಗಳಿಗೆ ಆಟದ ಅಂಕಣಗಳು ಬಂದಿವೆ. ಈ ಸಂಚಿಕೆ ಓದುವ ಹಳೆಯ ವಿದ್ಯಾರ್ಥಿಗಳಲ್ಲಿ, ಪಂಚಾಯಿತಿ ಸದಸ್ಯರಲ್ಲಿ, ಊರಿನ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ: ಕೋಡಿಹಳ್ಳಿಯಲ್ಲಿ ಮೂವರ ಬ್ಯಾಸ್ಕೆಟ್‌ಬಾಲ್‌ನ ಒಂದು ಅಂಕಣ ಈ ವರ್ಷವೇ ಆಗಲಿ. ಕಂಬ, ರಿಂಗು, ಚೆಂಡುಗಳ ಖರ್ಚನ್ನು ಹಳೆಯ ವಿದ್ಯಾರ್ಥಿಗಳು ವಹಿಸಿಕೊಳ್ಳಲಿ, ನೆಲದ ಕೆಲಸವನ್ನು ಪಂಚಾಯಿತಿ ಕೈಗೆತ್ತಿಕೊಳ್ಳಲಿ, ಮೊದಲ ತಂಡ ಹುಡುಗಿಯರದಾಗಿರಲಿ.